ಬಗ್ ನಂಬರ್ 17

ಬಳಕೆದಾರ ಸ್ನೇಹಿ ವೆಬ್ ತಂತ್ರಾಂಶ ಕಟ್ಟಬೇಕು ಅಂತ ವಿಶ್ವವಿದ್ಯಾಲಯದ ಸುತ್ತೋಲೆ ಬಂತು. ಸ್ಕ್ಯಾನ್ ಮಾಡಿದ ಪಿಡಿಎಫ್. ಪುಟ ಒಂದು ಕಡೆ ವಾಲಿತ್ತು. ಒಳಗಿನ ಪದ ಹುಡುಕಲು ಬರುತ್ತಿರಲಿಲ್ಲ. ಮೊಬೈಲಿನಲ್ಲಿ ತೆರೆದರೆ ಅಡ್ಡಡ್ಡ ಎಳೆದು ಓದಬೇಕು. ಒಂದೂವರೆ ಪುಟದಲ್ಲಿ ‘ಬಳಕೆದಾರ ಸ್ನೇಹಿ’ ಅನ್ನುವ ಮಾತು ಏಳು ಸಲ ಇತ್ತು. ಎಣಿಸಿದವಳು ನಮ್ಮ ಇಂಟರ್ನ್. ಬೆರಳು ಮಡಚಿಯೇ ಎಣಿಸಿದಳು, ಹುಡುಕಲು ಬರುತ್ತಿರಲಿಲ್ಲ ಅಂದೆನಲ್ಲ.

ವಿದ್ಯಾರ್ಥಿಗಳು ಕೋರ್ಸ್ ಆರಿಸಿಕೊಳ್ಳಬೇಕು, ಅರ್ಜಿ ಹಾಕಬೇಕು, ಸರ್ಟಿಫಿಕೇಟ್ ಪಡೆಯಬೇಕು. ಅದಕ್ಕೊಂದು ತಂತ್ರಾಂಶ. ಕಟ್ಟುವವರು ಆರು ಜನ ಇಂಟರ್ನ್‌ಗಳು, ಎಲ್ಲರೂ ವಿದ್ಯಾರ್ಥಿಗಳೇ. ಅವಧಿ ಎಂಟು ವಾರ. ಅವರನ್ನು ನೋಡಿಕೊಳ್ಳಲು ನಾನು. ನನ್ನನ್ನು ನೋಡಿಕೊಳ್ಳಲು 11 ಜನರ ಸಮಿತಿ. ಆರು ಜನ ಕೆಲಸ ಮಾಡುವುದನ್ನು ಹನ್ನೆರಡು ಜನ ನೋಡುವ ಏರ್ಪಾಡು.

ಮೊದಲ ದಿನ ಲಾಗಿನ್ ಕೊಡಿಸಲು ಹೋದೆ. ಅರ್ಜಿಯಲ್ಲಿ ಸಿಬ್ಬಂದಿ ಸಂಖ್ಯೆ ಕಡ್ಡಾಯ. ಇಂಟರ್ನ್‌ಗೆ ಸಿಬ್ಬಂದಿ ಸಂಖ್ಯೆ ಇರುವುದಿಲ್ಲ. ವಿದ್ಯಾರ್ಥಿ ಸಂಖ್ಯೆ ಹಾಕಿದರೆ ‘ವಿದ್ಯಾರ್ಥಿಗಳಿಗೆ ಸರ್ವರ್ ಪ್ರವೇಶವಿಲ್ಲ’ ಅಂತ ಕೆಂಪಕ್ಷರದಲ್ಲಿ ಬೈಯುತ್ತದೆ. ಹುದ್ದೆಯ ಪಟ್ಟಿಯಲ್ಲಿ ಪ್ರೊಫೆಸರ್‌ನಿಂದ ಹಿಡಿದು ಗುಮಾಸ್ತರವರೆಗೆ ಎಲ್ಲರೂ ಇದ್ದರು. ಕೊನೆಗೆ ‘ಇತರೆ’. ಆರೂ ಜನರನ್ನು ‘ಇತರೆ’ ಮಾಡಿದೆ. ‘ಇತರೆ’ ಆದವರಿಗೆ ಮುಖ್ಯಸ್ಥರ ಪತ್ರ ಬೇಕು, ಪತ್ರದ ಮೇಲೆ ಸೀಲು ಬೇಕು, ಸೀಲು ಹಾಕಿದ ಪತ್ರ ಸ್ಕ್ಯಾನ್ ಆಗಬೇಕು. ಸುತ್ತೋಲೆ ಯಾಕೆ ವಾಲಿತ್ತು ಅಂತ ಆಗ ಗೊತ್ತಾಯಿತು. ಆ ಸ್ಕ್ಯಾನರ್ರೇ ಹಾಗೆ.

ಪತ್ರ ಮೇಜಿನಿಂದ ಮೇಜಿಗೆ ಹೋಗುತ್ತಿರಲಿ ಅಂತ ಆರೂ ಜನ ನನ್ನ ಲಾಗಿನ್‌ನಲ್ಲೇ ಕೆಲಸ ಶುರು ಮಾಡಿದರು. ಅದೇ ವಾರ ನನಗೆ ಸೈಬರ್ ಭದ್ರತೆಯ ಆನ್‌ಲೈನ್ ತರಬೇತಿ. ‘ಪಾಸ್‌ವರ್ಡ್ ಯಾರೊಂದಿಗೂ ಹಂಚಿಕೊಳ್ಳಬಾರದು’ ಅನ್ನುವ ಪ್ರಶ್ನೆಗೆ ‘ಸರಿ’ ಒತ್ತಿ ಪೂರ್ತಿ ಅಂಕ ತೆಗೆದೆ. ಪಕ್ಕದಲ್ಲೇ ಒಬ್ಬ ಹುಡುಗ ನನ್ನ ಪಾಸ್‌ವರ್ಡ್ ಟೈಪ್ ಮಾಡುತ್ತಿದ್ದ.

ಆ ಪಾಸ್‌ವರ್ಡ್ 30 ದಿನಕ್ಕೊಮ್ಮೆ ಬದಲಾಗಬೇಕು. ಸುಮ್ನೆ ಕಾರಣವಿಲ್ಲದೆ ಜನರಿಂದ ಪಾಸ್‌ವರ್ಡ್ ಬದಲಾವಣೆ ಮಾಡಿಸಬೇಡಿ, ಕದ್ದುಹೋದ ಸುಳಿವು ಸಿಕ್ಕರೆ ಮಾತ್ರ ಮಾಡಿಸಿ ಅಂತ ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಹೇಳಿದೆ. ಇದನ್ನು ಸಮಿತಿಗೆ ಹೇಳಿದೆ. ‘ನಮ್ಮ ನಿಯಮ ಅದಕ್ಕಿಂತ ಹಳೆಯದು’ ಅಂದರು. ವಯಸ್ಸಿನಲ್ಲಿ ದೊಡ್ಡ ನಿಯಮ ಅಲ್ವಾ, ಎದುರು ಮಾತಾಡಬಾರದು.

ಮೂರನೇ ವಾರಕ್ಕೆ ಕೆಲಸ ಹಿಂದೆ ಬಿತ್ತು. ತಡವಾಗಿರುವ ಸಾಫ್ಟ್‌ವೇರ್ ಕೆಲಸಕ್ಕೆ ಇನ್ನಷ್ಟು ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಅಂತ ಸಾಫ್ಟ್‌ವೇರ್ ಎಂಜಿನಿಯರ್ ಫ್ರೆಡ್ ಬ್ರೂಕ್ಸ್ 1975ರಲ್ಲಿ ಬರೆದಿದ್ದಾರೆ. ಹೊಸಬರಿಗೆ ಹೇಳಿಕೊಡುವವರು ಹಳಬರೇ ತಾನೆ, ಹೇಳಿಕೊಡುತ್ತಾ ಕೂತರೆ ಕೆಲಸ ಮಾಡುವವರು ಯಾರು? ಸಮಿತಿ ಇನ್ನೂ ನಾಲ್ಕು ಇಂಟರ್ನ್‌ಗಳನ್ನು ಕಳಿಸಿತು. ಅವರೂ ‘ಇತರೆ’. ಈಗ ನನ್ನ ಲಾಗಿನ್ ಹತ್ತು ಕಡೆ ತೆರೆದಿತ್ತು.

ಹುಡುಗರ ಬಗ್ಗೆ ದೂರು ಹೇಳುವುದಿಲ್ಲ. ಕೋಡ್ ಉಳಿಸುವಾಗ ಏನು ಬದಲಾಯಿತು ಅಂತ ಬರೆಯುವ ಕಮಿಟ್ ಮೆಸೇಜ್‌ಗಳ ಬಗ್ಗೆ ಮಾತ್ರ ಒಂದು ಮಾತು. ‘ಫೈನಲ್’, ‘ಫೈನಲ್ 2’, ‘ಇದೇ ಫೈನಲ್’, ‘ಸಾರಿ’. ಐದನೇ ವಾರದ ಒಂದು ಸಂಜೆ ಒಬ್ಬ ಹುಡುಗ ಎಲ್ಲರ ಕೋಡನ್ನೂ ಒಟ್ಟಿಗೆ ಇಡುವ ಗಿಟ್‌ನಲ್ಲಿ ಫೋರ್ಸ್ ಪುಶ್ ಮಾಡಿ, ಅಂದರೆ ಇದ್ದದ್ದರ ಮೇಲೆ ತನ್ನ ಪ್ರತಿಯನ್ನು ಬಲವಂತವಾಗಿ ಏರಿಸಿ, ಎರಡು ದಿನದ ಎಲ್ಲರ ಕೆಲಸವನ್ನೂ ಮುಖ್ಯ ಬ್ರಾಂಚಿನಿಂದ ಅಳಿಸಿಬಿಟ್ಟ. ನನ್ನ ಮೇಜಿನ ಹತ್ತಿರ ಬಂದು ನಿಂತ, ಬಾಯಿಂದ ಮಾತು ಹೊರಡಲಿಲ್ಲ. ಕಿವಿ ಕೆಂಪಾಗಿತ್ತು. ಇನ್ನೊಬ್ಬಳ ಲ್ಯಾಪ್‌ಟಾಪಿನಲ್ಲಿ ಹಳೆಯ ಪ್ರತಿ ಇತ್ತು, ಅದನ್ನೇ ಮತ್ತೆ ಏರಿಸಿದೆವು, ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು. ನಾನೂ ಒಂದು ಕಾಲದಲ್ಲಿ ಡೇಟಾಬೇಸಿನ ಇಡೀ ಟೇಬಲ್ ಅಳಿಸಿದವನೇ, ಆಗ ಬ್ಯಾಕಪ್ ಕೂಡ ಇರಲಿಲ್ಲ ಅಂತ ಅವನಿಗೆ ಹೇಳಿದೆ. ಇಡೀ ಎಂಟು ವಾರದಲ್ಲಿ ನಾನು ಮಾಡಿದ ನಿಜವಾದ ಮೇಲ್ವಿಚಾರಣೆ ಅಷ್ಟೇ ಅನಿಸುತ್ತದೆ. ಮೌಲ್ಯಮಾಪನದ ಫಾರ್ಮಿನಲ್ಲಿ ಅದಕ್ಕೆ ಕಾಲಂ ಇಲ್ಲ. ಸಮಯಪಾಲನೆಗೆ ಇದೆ, ಉಡುಪಿಗೆ ಇದೆ. ಬರೆದ ಕೋಡಿಗೂ ಇಲ್ಲ.

ಇನ್ನು ಮುಖಪುಟ. ವಿದ್ಯಾರ್ಥಿ ಇಲ್ಲಿಗೆ ಬರುವುದು ಕೋರ್ಸ್ ನೋಂದಣಿಗೆ. ಆದ್ದರಿಂದ ನೋಂದಣಿ ಬಟನ್ ಮೇಲೆಯೇ, ಎದ್ದು ಕಾಣುವ ಹಾಗೆ ಇರಲಿ ಅಂತ ಇಂಟರ್ನ್‌ಗಳು ಚಿತ್ರ ಬಿಡಿಸಿಕೊಟ್ಟರು. ಸಮಿತಿ ನೋಡಿತು, ಮೆಚ್ಚಿತು. ಆಮೇಲೆ ‘ಚಿಕ್ಕ ಚಿಕ್ಕ’ ತಿದ್ದುಪಡಿ ಹೇಳಿತು. ಕುಲಪತಿಗಳ ಫೋಟೋ ಮೇಲೆ ಬರಬೇಕು. ಅದರ ಕೆಳಗೆ ಅವರ ಸಂದೇಶ. ಅದರ ಕೆಳಗೆ ಜಾರುವ ಚಿತ್ರಗಳು. ಪ್ರತಿ ವಿಭಾಗಕ್ಕೂ ಒಂದು ಕೊಂಡಿ, ಯಾರಿಗೂ ಬೇಜಾರಾಗಬಾರದು. ಆಮೇಲೆ ಬಟನ್. ಮೂರು ಸಲ ಕೆಳಗೆ ಸರಿಸಿದರೆ ಸಿಗುತ್ತಿತ್ತು.

ಬಟನ್ನಿನ ಬಣ್ಣಕ್ಕೇ ಒಂದು ಪೂರ್ತಿ ಸಭೆ ಹೋಯಿತು. ನೀಲಿ ಬಟನ್ ‘ತುಂಬಾ ಕಣ್ಣಿಗೆ ಹೊಡೆಯುತ್ತದೆ’ ಅಂದರು. ಬಟನ್ನಿನ ಕಸುಬೇ ಅದಲ್ಲವೇ? ಕೊನೆಗೆ ಬಿಳಿಯ ಮೇಲೆ ಬೂದು ಅಕ್ಷರ ಒಪ್ಪಿಗೆಯಾಯಿತು, ಗಂಭೀರವಾಗಿದೆಯಂತೆ. ಕೋಡಿನಲ್ಲಿ ಒಂಬತ್ತನ್ನು ಸಾಲಾಗಿ ಆರು ಸಲ ಬರೆದರೆ ಬರುವ ಬೂದು ಅದು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಹೊಳಪಿನ ವ್ಯತ್ಯಾಸ ಇರಬೇಕು ಅನ್ನುತ್ತದೆ ವೆಬ್ ಮಾನದಂಡ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ ಮಾರ್ಗಸೂಚಿ. ನಮ್ಮದು 2.8ರ ಆಸುಪಾಸು. ಕನ್ನಡಕ ಹಾಕಿದ ಸದಸ್ಯರೊಬ್ಬರು ಪರದೆಗೆ ಮೂಗು ತಾಗಿಸಿ ‘ಚೆನ್ನಾಗಿ ಕಾಣಿಸುತ್ತಿದೆ’ ಅಂತ ಸಹಿ ಹಾಕಿದರು.

ಆಗ ಏಳು ಸಲ ಎಣಿಸಿದ್ದ ಆ ಹುಡುಗಿ ಒಂದು ಕೆಲಸ ಮಾಡಿದಳು. ಐದು ಜನ ಬಳಕೆದಾರರನ್ನು ಕೂರಿಸಿ ನೋಡಿದರೆ ಸುಮಾರು 85% ತೊಡಕು ಕಣ್ಣಿಗೆ ಬೀಳುತ್ತವೆ ಅಂತ ಬಳಕೆಯ ಸುಲಭತೆಯ ತಜ್ಞ ಯಾಕೋಬ್ ನೀಲ್ಸನ್ 2000ರಲ್ಲಿ ಬರೆದಿದ್ದರು. ಒಪ್ಪದವರೂ ಇದ್ದಾರೆ, ಆದರೆ ಒಬ್ಬರನ್ನೂ ಕೂರಿಸದೆ ಇರುವುದಕ್ಕಿಂತ ಐದು ವಾಸಿ. ಯಾರನ್ನೂ ಕೇಳದೆ, ಕಾರಿಡಾರಿನಲ್ಲಿ ಹೋಗುತ್ತಿದ್ದ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕರೆತಂದಳು. ‘ಒಂದು ಕೋರ್ಸಿಗೆ ನೋಂದಾಯಿಸಿ’ ಅಂದು ಹಿಂದೆ ಬಾಯಿ ಮುಚ್ಚಿ ಕೂತಳು. ಬಾಯಿ ಮುಚ್ಚಿ ಕೂರುವುದೇ ಕಷ್ಟದ ಭಾಗ. ನನಗಂತೂ ಆಗುತ್ತಿರಲಿಲ್ಲ.

ಮೊದಲನೆಯವನು ಕುಲಪತಿಗಳ ಫೋಟೋ ಒತ್ತಿದ, ಅದೇ ಎಲ್ಲಕ್ಕಿಂತ ದೊಡ್ಡದಾಗಿತ್ತು. ಮತ್ತೆ ಒತ್ತಿದ. ಎರಡನೆಯವಳು ಬಟನ್ ಹುಡುಕಿದಳು, ಒತ್ತಿದಳು, ‘ದೋಷ 403’ ಬಂತು, ಅಂದರೆ ಪ್ರವೇಶವಿಲ್ಲ. ‘ನಾನೇನು ತಪ್ಪು ಮಾಡಿದೆ?’ ಅಂತ ಹೆದರಿ ಕೇಳಿದಳು. ಮೂರನೆಯವನು ಫಾರ್ಮ್ ತುಂಬುತ್ತಿರುವಾಗಲೇ ಲಾಗಿನ್ ಅವಧಿ ಮುಗಿದು ಹೊರಗೆ ಬಿದ್ದ. ನಾಲ್ಕನೆಯವನು ತಂತ್ರಾಂಶದ ಕಡೆ ನೋಡಲೇ ಇಲ್ಲ. ಫೋನ್ ತೆಗೆದು ಸೀನಿಯರ್‌ಗೆ ಮೆಸೇಜ್ ಹಾಕಿದ. ಹಳೆಯ ತಂತ್ರಾಂಶದ ಕಾಲದಿಂದಲೂ ಆತನ ಬಳಿ ಬಾಣದ ಗುರುತು ಹಾಕಿದ ಸ್ಕ್ರೀನ್‌ಶಾಟ್‌ಗಳಿದ್ದವು. ವಿಶ್ವವಿದ್ಯಾಲಯದಲ್ಲಿ ಬಳಕೆದಾರ ಸ್ನೇಹಿ ಅಂತ ಏನಾದರೂ ಇದ್ದರೆ ಅದು ಆ ಸೀನಿಯರ್.

ಐದನೆಯ ಕುರ್ಚಿಗೆ ಯಾರೂ ಸಿಗಲಿಲ್ಲ. ಆಕೆಯೇ ಕೂತಳು. ಅವಳಿಗೆ ಇರುವುದು ಒಂದೇ ಹೆಸರು, ಅಪ್ಪನದೂ ಇಲ್ಲ, ಮನೆತನದ್ದೂ ಇಲ್ಲ. ಫಾರ್ಮಿನಲ್ಲಿ ಮೊದಲ ಹೆಸರು ಕಡ್ಡಾಯ, ಕೊನೆಯ ಹೆಸರೂ ಕಡ್ಡಾಯ. ಖಾಲಿ ಬಿಟ್ಟರೆ ಮುಂದೆ ಹೋಗುವುದಿಲ್ಲ. ಚುಕ್ಕಿ ಇಟ್ಟಳು, ‘ಸರಿಯಾದ ಹೆಸರು ಬರೆಯಿರಿ’ ಅಂತ ಬಂತು. ಅದೇ ಹೆಸರನ್ನು ಎರಡೂ ಕಡೆ ಬರೆದಳು. ಹಸಿರು ಟಿಕ್ ಬಿತ್ತು. ಎದ್ದು ಹೋಗಿ ತಂತ್ರಾಂಶದ ದೋಷಗಳನ್ನು ಬರೆದಿಡುವ ಬಗ್ ಪಟ್ಟಿಗೆ ಸೇರಿಸಿದಳು. ಅದು 17ನೆಯದು.

ವರದಿ ಸಮಿತಿಗೆ ಹೋಯಿತು. ಐದು ಜನರ ಅನುಮತಿ ಪತ್ರ ಎಲ್ಲಿ ಅಂತ ಕೇಳಿದರು. ಸಾವಿರಾರು ವಿದ್ಯಾರ್ಥಿಗಳಿರುವಾಗ ಐದು ಜನ ಏನು ಲೆಕ್ಕ ಅಂದರು. ಅದರಲ್ಲೂ ಒಬ್ಬಳು ಇಂಟರ್ನ್, ಅವಳನ್ನು ಬಳಕೆದಾರಳು ಅನ್ನಲಾಗದು ಅಂದರು. ಅವಳು ಅಲ್ಲೇ ಕೂತಿದ್ದಳು. ಆ ಕೋಣೆಯಲ್ಲಿ ನಿಜವಾಗಿ ಆ ಫಾರ್ಮ್ ತುಂಬಬೇಕಾದ ಒಬ್ಬಳೇ ಒಬ್ಬ ಮನುಷ್ಯಳು. ಬಳಕೆದಾರರಿಗೆ ಗೊಂದಲ ಇರುವುದರಿಂದ 60 ಪುಟದ ಕೈಪಿಡಿ ಬರೆಯಬೇಕು ಅಂತ ತೀರ್ಮಾನವಾಯಿತು. ವಿವರಣೆಯೇ ಬೇಡದ ಹಾಗಿದ್ದರೆ ಒಳ್ಳೆಯದು ಅಂತ ಇದೇ ನೀಲ್ಸನ್ ಹೇಳಿದ್ದಾರೆ ಅಂತ ನಾನು ಗೊಣಗಿದೆ. ‘ಅವರೂ ಸಮಿತಿಯಲ್ಲಿದ್ದಾರಾ?’ ಅಂತ ಯಾರೋ ಕೇಳಿದರು.

ಕೊನೆಯ ಎರಡು ವಾರ ಹತ್ತು ಜನರೂ ಕೈಪಿಡಿ ಬರೆದರು. ಬಗ್ ಸರಿಪಡಿಸಲು ಸಮಯ ಉಳಿಯಲಿಲ್ಲ. ಬೀಳ್ಕೊಡುಗೆಯ ದಿನ ಬೆಳಿಗ್ಗೆ ಮೊದಲ ಆರು ಜನ ‘ಇತರೆ’ಗಳ ಲಾಗಿನ್ ಮಂಜೂರಾಗಿ ಬಂತು. ಸಂಜೆ 5ಕ್ಕೆ ಅವಧಿ ಮುಗಿಯುತ್ತದೆ ಅಂತ ಅದರಲ್ಲೇ ಬರೆದಿತ್ತು.

ಇಂಟರ್ನ್‌ಶಿಪ್ ಸರ್ಟಿಫಿಕೇಟ್‌ಗೂ ಹೊಸ ತಂತ್ರಾಂಶದಲ್ಲೇ ಅರ್ಜಿ ಹಾಕಬೇಕಿತ್ತು. ಎಲ್ಲರೂ ಹಾಕಿದರು, ಮೂರು ಸಲ ಕೆಳಗೆ ಸರಿಸಿ. ಪ್ರಿಂಟ್ ಆಗಿ ಬಂದಾಗ ಆ ಹುಡುಗಿ ತನ್ನದನ್ನು ನನ್ನ ಮೇಜಿನ ಮೇಲಿಟ್ಟಳು. ದಪ್ಪ ಕಾಗದ, ಬಂಗಾರದ ಅಂಚು, ನಡುವೆ ದೊಡ್ಡ ಅಕ್ಷರದಲ್ಲಿ ಅವಳ ಹೆಸರು. ಪಕ್ಕದಲ್ಲಿ ಮತ್ತೆ ಅವಳ ಹೆಸರು.

‘ಸರ್, 17’ ಅಂದಳು.

ಬಗ್ ಪಟ್ಟಿ ತೆರೆದು ನೋಡಿದೆ. 17ರ ಮುಂದೆ ಸಮಿತಿ ಬರೆಸಿತ್ತು: ‘ಬಗೆಹರಿದಿದೆ. ಕೈಪಿಡಿ, ಪುಟ 41 ನೋಡಿ.’