ರಾಮನಿಗೆ ಒಂದು ನಿಮಿಷವೂ ಇಲ್ಲ

ತಾಳಮದ್ದಳೆಯ, ಅಂದರೆ ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನದ, ತುಣುಕುಗಳು ಈಗ ಮೊಬೈಲಿನಲ್ಲಿ ಧಾರಾಳ. ಸಂತೋಷವೇ. ಆದರೆ ವಾಲಿಯ ಪ್ರಸಂಗವನ್ನು ಒಂದು ನಿಮಿಷಕ್ಕೆ ಕತ್ತರಿಸಿ ಹಾಕುವ ಪುಣ್ಯಾತ್ಮರಿಗೆ ಏನೆನ್ನೋಣ? ಬಾಣ ತಗುಲಿ ಬಿದ್ದ ವಾಲಿ, "ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ?" ಎಂದು ಕೇಳುತ್ತಾನೆ. ಚಪ್ಪಾಳೆ. ವಿಡಿಯೊ ಮುಗಿಯಿತು. ರಾಮ ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತಿದ್ದಾನೆ.

ವಾಲ್ಮೀಕಿ ಇಂಥ ಅನ್ಯಾಯ ಮಾಡಲಿಲ್ಲ. ಕಿಷ್ಕಿಂಧಾಕಾಂಡದಲ್ಲಿ ವಾಲಿಯ ಆಕ್ಷೇಪಕ್ಕೆ 17ನೇ ಸರ್ಗ, ರಾಮನ ಉತ್ತರಕ್ಕೆ 18ನೆಯದು. ತಮ್ಮನ ಹೆಂಡತಿ ರುಮೆಯನ್ನು ಇಟ್ಟುಕೊಂಡದ್ದಕ್ಕೆ ಇದು ದಂಡನೆ; ಮೇಲಾಗಿ ಮೃಗವನ್ನು ಮರೆಯಿಂದ ಹೊಡೆದರೆ ದೋಷವಿಲ್ಲ ಎಂಬುದು ರಾಮನ ವಾದ. ಒಪ್ಪುವುದು ಬಿಡುವುದು ಕೇಳಿದವರ ಇಷ್ಟ. ಕೇಳಿಸಿದರೆ ತಾನೇ!

ತಾಳಮದ್ದಳೆಯ ಕೂಟದಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಾತ್ರವಾಗಿ ಮಾತಾಡುವ ಅರ್ಥಧಾರಿಗಳು ಎದುರುಬದುರು ಕೂರುತ್ತಾರೆ. ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯ. ಮಾತು ಅಲ್ಲೇ ಹುಟ್ಟಬೇಕು. ಭಾಗವತರು ನಾಲ್ಕು ಸಾಲು ಹಾಡಿ ಬಿಟ್ಟರೆ ವಾಲಿ ಅದನ್ನೇ ಅರ್ಧ ಗಂಟೆ ಬೆಳೆಸಿಯಾನು. ಎದುರಿನವರು ನಡುವೆ ಒಂದು ಕೊಕ್ಕೆ ಹಾಕಿದರೆ ರಂಗೇರುತ್ತದೆ. ಅತಿಯಾಯಿತೆನಿಸಿದಾಗ ಭಾಗವತರು ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ, ಮಾತು ತಾನಾಗಿ ನಿಲ್ಲುತ್ತದೆ. ಟಿವಿ ಚರ್ಚೆಯವರು ಒಬ್ಬ ಭಾಗವತರನ್ನು ನೇಮಿಸಿಕೊಳ್ಳಬಾರದೇ?

ಪೂರ್ತಿ ಕೂಟ ಬೇಕಾದವರು 'ಕಥೆ' ಎಂದು ಹುಡುಕಬೇಡಿ, ಮಾತಾಡುವ ಕಾಗೆಯ ಕಾರ್ಟೂನು ಬಂದೀತು. ಪ್ರಸಂಗದ ಹೆಸರಿನ ಜೊತೆ ಅರ್ಥಧಾರಿಯ ಹೆಸರನ್ನೂ ಕೊಡಿ: 'ವಾಲಿವಧೆ ಶೇಣಿ' ಎಂಬಂತೆ. 'ತಾಳಮದ್ದಳೆ' ಎಂದೊಮ್ಮೆ, 'ತಾಳಮದ್ದಲೆ' ಎಂದೊಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಮತ್ತೊಮ್ಮೆ. ಸಿಗುವುದು ಬೇರೆ ಬೇರೆ.

ಈ ಶೇಣಿ, ಅಂದರೆ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು, 2006ರಲ್ಲಿ ತೀರಿಕೊಂಡರು. ಆ ಕಾಲದ ಕೂಟಗಳಲ್ಲಿ ಕ್ಯಾಸೆಟ್ಟಿನಿಂದ ಇಳಿಸಿಕೊಂಡವೂ ಇರುತ್ತವೆ. 90 ನಿಮಿಷದ ಕ್ಯಾಸೆಟ್ಟಿಗೆ ಬದಿಗೆ 45. ಮಗುಚುವ ಹೊತ್ತಿಗೆ ನಾಲ್ಕು ವಾಕ್ಯ ಹಾರಿಹೋಗುತ್ತವೆ. ಅದು ಯಂತ್ರದ ಮಿತಿ, ಕ್ಷಮಿಸೋಣ. ಭಾಗಗಳನ್ನು ಹಿಂದುಮುಂದಾಗಿ ಏರಿಸಿದವರನ್ನು ಮಾತ್ರ ಕ್ಷಮಿಸಲಾಗದು: ವಾಲಿ ಸತ್ತು, ಅಂಗದನನ್ನು ಒಪ್ಪಿಸಿ, ಆಮೇಲೆ ಸುಗ್ರೀವನ ಮೇಲೆ ಯುದ್ಧಕ್ಕೆ ಹೊರಡುತ್ತಾನೆ. ಕೇಳುವ ಮೊದಲು ಪ್ರತಿ ಭಾಗದ ಮೊದಲ ಪದ್ಯವನ್ನು ಪುಸ್ತಕದೊಡನೆ ತಾಳೆ ನೋಡಿಕೊಳ್ಳಿ. ಮೈಕನ್ನು ಚೆಂಡೆಯ ಪಕ್ಕ ಇಟ್ಟಿದ್ದರೆ ಇಯರ್‌ಫೋನ್ ಬೇಡವೇ ಬೇಡ. ಮಾತು ಕೇಳಲೆಂದು ದನಿ ಏರಿಸಿಕೊಂಡಿರುತ್ತೀರಿ, ಪೆಟ್ಟು ಬೀಳುವುದು ಕಿವಿಗೇ.