ದೊಡ್ಡ ಎ, ಸಣ್ಣ ಎ

ಆಫೀಸಿನ ಟ್ರೇನಿಂಗ್ ಅಂತ ಮೂರು ತಿಂಗಳು ಬೆಂಗಳೂರಿಗೆ ಹೋಗಿದ್ದೆ. ಅಲ್ಲೊಂದು ಕೃತಕ ಗೋಡೆಯಲ್ಲಿ ಬಂಡೆ ಹತ್ತುವುದನ್ನೂ ಕಲಿತೆ. ಧಾರವಾಡಕ್ಕೆ ವಾಪಸ್ ಬರುವಾಗ ಎರಡು ಹೊಸ ಸಾಮಾನು ತಂದೆ. ಒಂದು, ಕಾಲಿಗಿಂತ ಒಂದು ಸೈಜು ಚಿಕ್ಕದಾದ ಬೂಟು. ಇನ್ನೊಂದು, "ನಾನು ಸಿಕ್ಸ್ ಬಿ ಹತ್ತುತ್ತೇನೆ" ಅನ್ನುವ ಜಂಬ. ಎರಡೂ ಕಚ್ಚುವಂಥವೇ. ಬೂಟು ನನ್ನನ್ನು, ಜಂಬ ಮನೆಯವರನ್ನು.

ಅವ್ವನಿಗೆ ಬೂಟಿನದೇ ಚಿಂತೆ. "ಸಣ್ಣದಾಗೈತಿ ಅಂದ್ರ ಬದಲಿ ಮಾಡ್ಕೊಂಡು ಬಾ. ಬಿಲ್ ಐತಿಲ್ಲೋ?" ಬಂಡೆ ಹತ್ತುವ ಬೂಟು ಹೀಗೆ ಬಿಗಿಯಾಗೇ ಇರಬೇಕು ಅಂದೆ. ಆಕೆ ನಂಬಲಿಲ್ಲ. "ಚಿತ್ರದುರ್ಗದ ಜ್ಯೋತಿರಾಜ್ ಹಗ್ಗ ಸುದ್ದಾ ಇಲ್ದ ಕೋಟಿ ಗ್ವಾಡಿ ಹತ್ತತಾನ. ನಿನಗ ಇಷ್ಟೆಲ್ಲಾ ಬೇಕೇನು?"

ಅಪ್ಪ ರಿಟೈರ್ಡ್ ಗಣಿತದ ಮಾಸ್ತರು. ಅವರಿಗೆ ಬೂಟು ಬೇಡ, ಲೆಕ್ಕ ಬೇಕು. ಹತ್ತುವ ದಾರಿ ಎಷ್ಟು ಕಷ್ಟ ಅಂತ ಹೇಳುವ ಫ್ರೆಂಚರ ಲೆಕ್ಕದಲ್ಲಿ 6ಎ, 6ಎ+, 6ಬಿ ಅಂತ ಏರುತ್ತಾ 9ಸಿ ತನಕ ಹೋಗುತ್ತದೆ ಅಂತ ವಿವರಿಸಿದೆ. ಆ ಮೊದಲ 9ಸಿ ಹತ್ತಿದ್ದು ಚೆಕ್ ದೇಶದ ಆಡಮ್ ಓಂಡ್ರಾ, 2017ರಲ್ಲಿ, ನಾರ್ವೆಯ ಒಂದು ಗುಹೆಯಲ್ಲಿ. ಅಪ್ಪ ಮನಸ್ಸಿನಲ್ಲೇ ಭಾಗಿಸಿ, "ಒಂಬತ್ತಕ್ಕ ಆರು. ಅರವತ್ತಾರು ಪರ್ಸೆಂಟ್. ಅಡ್ಡಿಯಿಲ್ಲ" ಅಂದರು.

ಅಲ್ಲಿಗೇ ಸುಮ್ಮನಿರಬಹುದಿತ್ತು. ಅಮೆರಿಕದ್ದೂ ಹೇಳಲು ಹೋದೆ. ಅಲ್ಲಿ 5.8, 5.9, ಆಮೇಲೆ 5.10. ಅಪ್ಪನ ಕನ್ನಡಕ ಮೂಗಿನ ತುದಿಗೆ ಬಂತು.

"5.10 ಅಂದ್ರ 5.1. ಅದು 5.9ಕ್ಕಿಂತ ಸಣ್ಣದು. ಯಾವ ಸಾಲ್ಯಾಗ ಕಲ್ತಾರ ಇವರು?"

ನಿಜಕ್ಕೂ ಅದಕ್ಕೊಂದು ಕಥೆ ಇದೆ. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಟಾಕ್ವಿಟ್ಜ್ ಬಂಡೆಗಳಲ್ಲಿ ಈ ಅಳತೆ ಕಟ್ಟಿದಾಗ 5.9 ಅಂದರೆ ಮುಗೀತು, ಅದಕ್ಕಿಂತ ಕಷ್ಟದ್ದು ಇಲ್ಲ ಅಂತಿತ್ತು. ಮುಂದಿನ ಹುಡುಗರು ಅದಕ್ಕಿಂತ ಕಷ್ಟದ್ದು ಹತ್ತಿದರು. ಸಂಖ್ಯೆ ಖಾಲಿ. ಹಾಗಾಗಿ 5.10 ಹುಟ್ಟಿತು, ಈಗ 5.15ಕ್ಕೆ ಬಂದು ನಿಂತಿದೆ. ತಮಾಷೆ ಏನೆಂದರೆ, ಆ ಕಾಲದ 5.9 ಕಂಡರೆ ಈಗಿನ ಪಳಗಿದವರೂ ಎರಡು ಸಲ ಯೋಚಿಸುತ್ತಾರೆ. ಕಷ್ಟ ಅನಿಸಿದ್ದನ್ನೆಲ್ಲ ಆವಾಗ ಅದರೊಳಗೇ ತುರುಕಿದ್ದರು.

ಈ ಮಾತು ಅಪ್ಪನಿಗೆ ಭಾಳ ಹಿಡಿಸಿತು. "ನಮ್ಮ ಕಾಲದ ಮಾರ್ಕ್ಸ್ ಇದ್ದಂಗ. ಆವಾಗಿನ ಅರವತ್ತು ಈಗಿನ ತೊಂಬತ್ತೈದಕ್ಕ ಸಮ." ಅಪ್ಪನದು ಐವತ್ತೆಂಟು. ಅವತ್ತು ಸಂಜೆಯಿಂದ ಅದು ಮನೆಯಲ್ಲಿ ತೊಂಬತ್ಮೂರು ಅಂತಲೇ ಚಾಲ್ತಿಯಲ್ಲಿದೆ.

ಇನ್ನು ನನ್ನ 6ಬಿ. ಅದರ ಪರೀಕ್ಷೆ ಬಾದಾಮಿಯಲ್ಲಿ. ಸೊಲ್ಲಾಪುರದ ಕಡೆ ಹೋಗುವ ರೈಲು ಹತ್ತಿದೆ. ಗದಗಿನಲ್ಲಿ ಮೌಶಿಯ ಮಗ ರೊಟ್ಟಿ ಗಂಟಿನ ಜೊತೆ ಹತ್ತಿಕೊಂಡ. ಅವನು ಬಂದಿದ್ದು ಫೋಟೋ ತೆಗೆಯಲಿಕ್ಕೆ. ಬಂಡೆ ತೋರಿಸಲು ಅಲ್ಲಿನ ಒಬ್ಬ ಹುಡುಗ ಸಿಕ್ಕ. 6ಬಿ ಎಲ್ಲಿದೆ ಅಂತ ಕೇಳಿದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೊದಲ ಒಂದು 6ಎ ಹತ್ರಿ ಸರ, ಸರಳ ಐತಿ" ಅಂದ.

ಬೆಂಗಳೂರಿನ ಗೋಡೆಯಲ್ಲಿ ಹಿಡಿಕೆಗಳಿಗೆ ಬಣ್ಣ ಇರುತ್ತದೆ. ಹಳದಿಯಲ್ಲಿ ಶುರು ಮಾಡಿದರೆ ಹಳದಿ ಹಿಡಿದೇ ಹೋಗುವುದು. ಬಾದಾಮಿಯಲ್ಲಿ ಇಡೀ ಗುಡ್ಡವೇ ಒಂದು ಬಣ್ಣ, ಕೆಂಪು. ಯಾವುದು ಹಿಡಿಕೆ, ಯಾವುದು ಸುಮ್ನೆ ಕಲ್ಲು ಅಂತ ಯಾರೂ ಬರೆದಿಟ್ಟಿಲ್ಲ. ಹದಿನೈದು ಅಡಿ ಮೇಲೆ ಹೋಗಿ ನಿಂತೆ. ಎಡಗಾಲು ತನ್ನಷ್ಟಕ್ಕೆ ಹೊಲಿಗೆ ಮಷಿನ್ ತುಳಿಯತೊಡಗಿತು.

"ಅಣ್ಣಾ, ಯಾಕ ನಿಂತಿ? ಫೋಟೋಕ್ಕೇನು?"

"ಹೌದೋ, ತಗೀ ಲಗೂನ!"

ಅವನು ತೆಗೆಯುವಷ್ಟರಲ್ಲಿ ಕೈ ಜಾರಿ ಹಗ್ಗದ ಮೇಲೆ ಜೋತುಬಿದ್ದೆ. ಆ ಫೋಟೋ ಮಾತ್ರ ಭಾಳ ಸ್ಪಷ್ಟ ಬಂದಿದೆ.

ಕೆಳಗಿಳಿದು ಹಗ್ಗ ಹಿಡಿದ ಹುಡುಗನ ಜೊತೆ ಜಗಳಕ್ಕೇ ನಿಂತೆ, ಇದು 6ಎ ಅಲ್ಲವೇ ಅಲ್ಲ ಅಂತ. ಅವನು ನಕ್ಕ. ಅಳೆಯಲಿಕ್ಕೆ ಟೇಪಿಲ್ಲ, ತಕ್ಕಡಿಯಿಲ್ಲ. ಮೊದಲು ಹತ್ತಿದವನಿಗೆ ಎಷ್ಟು ಅನಿಸಿತೋ ಅಷ್ಟು ಬರೆಯುತ್ತಾನೆ, ಆಮೇಲೆ ಹತ್ತಿದವರು ಹೌದು ಅಲ್ಲ ಅಂತ ವಾದ ಮಾಡುತ್ತಾರೆ. ಬಾದಾಮಿಯದು ಅಡ್ಡ ಬಿರುಕುಗಳ ಮರಳುಗಲ್ಲು, ತೋಳಿನ ಬಲ ಕೇಳುತ್ತದೆ. ಸಾವನದುರ್ಗದ ನುಣುಪು ಗ್ರಾನೈಟಿನಲ್ಲಿ ಹಿಡಿಯಲಿಕ್ಕೇ ಏನೂ ಇಲ್ಲ, ಪಾದ ನಂಬಿ ನಡೆಯಬೇಕು. ಇಲ್ಲಿನ ಪೈಲ್ವಾನ ಅಲ್ಲಿ ಅದೇ ಅಂಕೆಯ ಮೇಲೆ ನಿಂತು ದೇವರ ಹೆಸರು ಹೇಳಬಹುದು. ಬಿಸಿಲಲ್ಲಂತೂ ಬೆರಳು ಬೆವೆತು ಎಲ್ಲ ಅಂಕೆಯೂ ಒಂದು ಮೆಟ್ಟಿಲು ಮೇಲೆ. ಬೇಕಂತಲೇ ಕಡಿಮೆ ಅಂಕೆ ಹೇಳಿ ಏಮಾರಿಸುವ ಪದ್ಧತಿಯೂ ಇದೆ. ಅದಕ್ಕೆ ಸ್ಯಾಂಡ್‌ಬ್ಯಾಗ್ ಅನ್ನುತ್ತಾರೆ, ಮರಳಿನ ಚೀಲ. ಮರಳುಗಲ್ಲಿನ ಊರಿಗೆ ಹೇಳಿ ಮಾಡಿಸಿದ ಮಾತು.

ಮರ್ಯಾದೆ ಉಳಿಸಿಕೊಳ್ಳಲು ಮುಂದಿನ ತಿಂಗಳು ಹಂಪಿಗೆ ಹೋದೆ. ಅಲ್ಲಿ ಹಗ್ಗವಿಲ್ಲ. ಕೆಳಗೊಂದು ದಪ್ಪ ಗಾದಿ ಹಾಸಿ, ಗಿಡ್ಡ ಗುಂಡುಗಲ್ಲುಗಳನ್ನು ಹತ್ತುವುದು. ಯಾರೋ ಕಳಿಸಿದ ಪಟ್ಟಿಯನ್ನು ಡೈರಿಯಲ್ಲಿ ನೀಟಾಗಿ ಬರೆದುಕೊಂಡಿದ್ದೆ. ಹನ್ನೆರಡು ಅಡಿಯ ಗುಂಡು, 6ಎ. ಇಷ್ಟೇನಾ ಅಂದುಕೊಂಡೆ. ಮುಂಜಾನೆ ಏಳಕ್ಕೆ ಶುರು ಮಾಡಿದವನಿಗೆ ಹತ್ತಾದರೂ ನೆಲ ಬಿಡಲು ಆಗಲಿಲ್ಲ.

ಪಕ್ಕದಲ್ಲಿದ್ದವರೊಬ್ಬರು ಕನಿಕರದಿಂದ ಹೇಳಿದರು. ಇದು ಪ್ಯಾರಿಸ್ ಹತ್ತಿರದ ಫೋಂಟೆನ್‌ಬ್ಲೋ ಕಾಡಿನ ಲೆಕ್ಕವಂತೆ. ಹಗ್ಗದ ದಾರಿಗೆ ಸಣ್ಣ ಎ, ಗುಂಡಿಗೆ ದೊಡ್ಡ ಎ. ಎರಡಕ್ಕೂ ಸಂಬಂಧವಿಲ್ಲ. ಗುಂಡಿನ ಆರೇಳು ಹೆಜ್ಜೆಯಲ್ಲೇ ಎಲ್ಲ ಕಷ್ಟ ಗಿಡಿದಿರುತ್ತದೆ, ಆದ್ದರಿಂದ ದೊಡ್ಡ ಎ ಎಷ್ಟೋ ಜಾಸ್ತಿ ಗಟ್ಟಿ. ನಾನು ಡೈರಿ ತೆಗೆದು ನೋಡಿದೆ. ಕನ್ನಡದಲ್ಲಿ ಬರೆದಿದ್ದೆ. ನಮ್ಮ ಅಕ್ಷರದಲ್ಲಿ ದೊಡ್ಡದು ಸಣ್ಣದು ಅಂತ ಭೇದ ಎಲ್ಲಿದೆ? ಎರಡೂ 6ಎ.

ಮೊನ್ನೆ ಬೆಂಗಳೂರಿನ ಗೆಳೆಯ ಬಂದಿದ್ದ. ಅದೇ ಗೋಡೆಯಲ್ಲಿ ನನ್ನ ಜೊತೆ ಕಲಿತವನು. ಈಗ 6ಬಿ+ ಅಂತೆ. ಮರುದಿನ ಬಾದಾಮಿಗೆ ಹೋಗುವುದಿತ್ತು. ರಾತ್ರಿ ಹುಬ್ಬಳ್ಳಿಯ ಒಂದು ಖಾನಾವಳಿಗೆ ಕರೆದೊಯ್ದೆ. ತಟ್ಟೆಯ ಅಂಚಿನಲ್ಲಿದ್ದ ಕೆಂಪು ಚಟ್ನಿ ನೋಡಿ, "ಖಾರ ಇದೆಯಾ?" ಅಂತ ಕೇಳಿದ.

"ಇಲ್ರೀ, ಬ್ಯಾಡಗಿ ಕಾಯಿ. ಬರೇ ಬಣ್ಣ" ಅಂದರು ಮಾಲೀಕರು. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೇ ಹೆಸರಾದದ್ದು, ಖಾರ ಕಡಿಮೆ, ಖರೆ. ಆದರೆ ಯಾವುದಕ್ಕಿಂತ ಕಡಿಮೆ ಅಂತ ಅವರು ಹೇಳಲಿಲ್ಲ, ಇವನು ಕೇಳಲಿಲ್ಲ. ರೊಟ್ಟಿಯಲ್ಲಿ ದೊಡ್ಡದಾಗಿ ಬಳಿದು ಬಾಯಿಗಿಟ್ಟ. ಕಿವಿ ಕೆಂಪಾಯಿತು. ಎರಡು ವಾಟಗಾ ಮೊಸರು, ಒಂದು ತಂಬಿಗೆ ನೀರು ಮುಗಿದವು.

"ಇವತ್ತ ಸಪ್ಪಗ ಆಗೇತ್ರಿ" ಅಂತ ಮಾಲೀಕರು ಬೇಜಾರು ಮಾಡಿಕೊಂಡರು.

ಗೆಳೆಯ ಕಣ್ಣೊರೆಸಿಕೊಂಡು ಕೇಳಿದ, "ನಾಳೆ ಹತ್ತೋದು ಎಷ್ಟು?"

"6ಎ" ಅಂದೆ. "ಸರಳ ಐತಿ."