ಸಣ್ಣ ಬಿಎಂಡಬ್ಲ್ಯು ಕಾರಿಗೆ ಫ್ರಂಟ್ ವೀಲ್ ಡ್ರೈವ್ ಸರಿಯೇ?

ಪರ: ಹಿಂದಿನ ಸೀಟಿನವರ ಲೆಕ್ಕವೂ ಲೆಕ್ಕವೇ

ನಾಲ್ಕೂಕಾಲು ಮೀಟರ್ ಚಿಲ್ಲರೆ ಉದ್ದದ ಕಾರಿನಲ್ಲಿ ಐದು ಜನ, ಅವರ ಸಾಮಾನು, ಎಂಜಿನ್, ಗೇರ್‌ಬಾಕ್ಸ್ ಎಲ್ಲವೂ ಹಿಡಿಸಬೇಕು. ಫ್ರಂಟ್ ವೀಲ್ ಡ್ರೈವ್ ಎಂದರೆ ಎಂಜಿನ್ನಿನ ಶಕ್ತಿ ಮುಂದಿನ ಚಕ್ರಗಳಿಗೆ, ರಿಯರ್ ವೀಲ್ ಡ್ರೈವ್ ಎಂದರೆ ಹಿಂದಿನ ಚಕ್ರಗಳಿಗೆ. ರಿಯರ್ ವೀಲ್ ಡ್ರೈವ್‌ನಲ್ಲಿ ಎಂಜಿನ್ ಉದ್ದಕ್ಕೆ ಕೂರುತ್ತದೆ. ಅದರ ಬೆನ್ನಿಗಿರುವ ಗೇರ್‌ಬಾಕ್ಸ್ ಕ್ಯಾಬಿನ್ ಕೆಳಗೇ ಚಾಚಿಕೊಳ್ಳುತ್ತದೆ, ಅಲ್ಲಿಂದ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲರ್ ಶಾಫ್ಟ್, ಕೊನೆಗೆ ಹಿಂಬದಿಯಲ್ಲಿ ಅದನ್ನು ಎಡ-ಬಲ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್. 5 ಸೀರೀಸ್‌ನಂಥ ದೊಡ್ಡ ಕಾರು ಇಷ್ಟಕ್ಕೂ ಜಾಗ ಕೊಡಬಲ್ಲದು. ಬಿಎಂಡಬ್ಲ್ಯುನ ಸಣ್ಣ ಹ್ಯಾಚ್‌ಬ್ಯಾಕ್ ಆದ 1 ಸೀರೀಸ್‌ಗೆ ಅದು ಸಾಧ್ಯವಾಗಲಿಲ್ಲ. 2004ರ ಮೊದಲ ತಲೆಮಾರಿನಲ್ಲೂ 2011ರ ಎರಡನೆಯದರಲ್ಲೂ ಬಾನೆಟ್ ಉದ್ದವಾಯಿತು, ಹಿಂದಿನ ಸೀಟು ಇಕ್ಕಟ್ಟಾಯಿತು.

2014ರಲ್ಲಿ ಬಿಎಂಡಬ್ಲ್ಯು ಹೆಸರಿನ ಮೊದಲ ಫ್ರಂಟ್ ವೀಲ್ ಡ್ರೈವ್ ಕಾರಾಗಿ 2 ಸೀರೀಸ್ ಆ್ಯಕ್ಟಿವ್ ಟೂರರ್ ಬಂತು. ಮರುವರ್ಷ ಎರಡನೆಯ ತಲೆಮಾರಿನ ಸಣ್ಣ ಎಸ್‌ಯುವಿ ಎಕ್ಸ್1, 2019ರಲ್ಲಿ ಮೂರನೆಯ ತಲೆಮಾರಿನ 1 ಸೀರೀಸ್ ಅದೇ ದಾರಿ ಹಿಡಿದವು. ಅಭಿಮಾನಿಗಳು ಇದನ್ನು ದ್ರೋಹವೆಂದರು. ಆದರೆ ಎಕ್ಸ್1ರ ಅಳತೆ ನೋಡಿ. ಉದ್ದ ಹೆಚ್ಚಲೇ ಇಲ್ಲ. ಆದರೂ ಡಿಕ್ಕಿ 420 ಲೀಟರಿನಿಂದ 505ಕ್ಕೆ ಏರಿತು, ಹಿಂದೆ ಕಾಲು ಚಾಚುವ ಜಾಗ 37 ಮಿಲಿಮೀಟರ್ ಹೆಚ್ಚಿತು. ಎಂಜಿನ್ನನ್ನು ಅಡ್ಡಕ್ಕೆ ತಿರುಗಿಸಿ ಗೇರ್‌ಬಾಕ್ಸನ್ನು ಅದರ ಪಕ್ಕಕ್ಕೆ ತಂದದ್ದೇ ಇದಕ್ಕೆ ಮುಖ್ಯ ಕಾರಣ. ಅಪ್ಪ ಅಮ್ಮ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಬೆಂಗಳೂರಿನಿಂದ ಮಂಗಳೂರಿಗೆ ಹೋಗುವವರಿಗೆ ಈ 85 ಲೀಟರ್ ಅಂದರೆ ಇನ್ನೊಂದು ದೊಡ್ಡ ಸೂಟ್‌ಕೇಸ್.

ಜಾಗದ ಜೊತೆಗೆ ಇಂಧನದ ಮಾತೂ ಇದೆ. ಉದ್ದಕ್ಕೆ ಕೂತ ಎಂಜಿನ್ನಿನ ತಿರುಗುವಿಕೆ ಚಕ್ರ ತಲುಪಬೇಕಾದರೆ ಡಿಫರೆನ್ಷಿಯಲ್‌ನ ಹಲ್ಲುಜೋಡಿಯಾದ ಕ್ರೌನ್ ಪಿನಿಯನ್‌ನಲ್ಲಿ 90 ಡಿಗ್ರಿ ತಿರುಗಬೇಕು. ಆ ಹೈಪಾಯ್ಡ್ ಹಲ್ಲುಗಳು ಒಂದರ ಮೇಲೊಂದು ಜಾರುತ್ತಲೇ ಕೆಲಸ ಮಾಡುತ್ತವೆ, ಜಾರಿದಷ್ಟೂ ಶಕ್ತಿ ಬಿಸಿಯಾಗಿ ಹೋಗುತ್ತದೆ. ಅಡ್ಡ ಎಂಜಿನ್ನಿನಲ್ಲಿ ಈ ತಿರುವೇ ಇಲ್ಲ, ಸಾಧಾರಣ ಹೆಲಿಕಲ್ ಗೇರುಗಳೇ ಸಾಕು. ಯುರೋಪಿನಲ್ಲಿ ಕಂಪನಿ ಮಾರುವ ಹೊಸ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡ್ ಮಿತಿ ಕಿಲೋಮೀಟರಿಗೆ 95 ಗ್ರಾಂ ಸುತ್ತ ಬಂದು ನಿಂತಾಗ ಇಂಥ ಸಣ್ಣ ಉಳಿತಾಯವನ್ನು ಯಾವ ಎಂಜಿನಿಯರೂ ಬಿಟ್ಟುಕೊಡಲಾರ. ಜೊತೆಗೆ ತಳಪಾಯವನ್ನು ಕಂಪನಿಯದೇ ಇನ್ನೊಂದು ಬ್ರ್ಯಾಂಡ್ ಆದ ಮಿನಿ ಜೊತೆ ಹಂಚಿಕೊಂಡದ್ದರಿಂದ ಖರ್ಚು ಎರಡು ಬ್ರ್ಯಾಂಡ್‌ಗಳ ಮೇಲೆ ಹರಡಿತು.

"ಸ್ಟೀರಿಂಗ್ ಎಳೆದಾಡುತ್ತದೆ" ಎಂಬ ದೂರಿಗೆ ಬರೋಣ. ಅಡ್ಡ ಎಂಜಿನ್ನಿನಲ್ಲಿ ಗೇರ್‌ಬಾಕ್ಸ್ ಒಂದು ಬದಿಗೆ ಕೂರುವುದರಿಂದ ಎಡ-ಬಲದ ಡ್ರೈವ್ ಶಾಫ್ಟುಗಳು ಒಂದು ಗಿಡ್ಡ, ಒಂದು ಉದ್ದ ಆಗುತ್ತವೆ. ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಎರಡರ ಕೋನಗಳು ಬೇರೆಬೇರೆಯಾಗಿ ಸ್ಟೀರಿಂಗ್ ಒಂದು ಕಡೆಗೆ ಜಗ್ಗುತ್ತದೆ. ಇದು ಟಾರ್ಕ್ ಸ್ಟಿಯರ್. ಮದ್ದು ಹಳೆಯದೇ: ಉದ್ದದ ಬದಿಯಲ್ಲಿ ಎಂಜಿನ್ ಬ್ಲಾಕಿಗೆ ಬೇರಿಂಗ್ ಕೂರಿಸಿ, ನಡುವೆ ಒಂದು ಇಂಟರ್‌ಮೀಡಿಯೆಟ್ ಶಾಫ್ಟ್ ಹಾಕಿ, ಹೊರಗಿನ ಎರಡೂ ತುಂಡುಗಳನ್ನು ಸಮ ಮಾಡುವುದು. 2019ರ 1 ಸೀರೀಸ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಚಕ್ರ ಜಾರುವುದನ್ನು ತಡೆಯುವ ಲೆಕ್ಕವನ್ನು ಸ್ಟೆಬಿಲಿಟಿ ಕಂಟ್ರೋಲ್ ಪೆಟ್ಟಿಗೆಯಿಂದ ತೆಗೆದು ನೇರ ಎಂಜಿನ್ ಕಂಟ್ರೋಲ್ ಯೂನಿಟ್‌ಗೇ ಕೊಟ್ಟರು. ಐ3ಎಸ್ ವಿದ್ಯುತ್ ಕಾರಿನಿಂದ ಬಂದ ಈ ಏರ್ಪಾಟಿನಲ್ಲಿ ಸಂದೇಶ ಮೂರು ಪಟ್ಟು ಬೇಗ ತಲುಪುತ್ತದೆ ಎಂದು ಕಂಪನಿ ಹೇಳುತ್ತದೆ. 1 ಸೀರೀಸ್‌ನದೇ 265 ಅಶ್ವಶಕ್ತಿಯ ಮಾದರಿ 128ಟಿಐ ಕಾರಿನ ಮುಂಭಾಗಕ್ಕೆ, ಒಂದು ಚಕ್ರ ಜಾರಿದರೆ ಇನ್ನೊಂದಕ್ಕೆ ಹೆಚ್ಚು ಬಲ ಕಳಿಸುವ ಟಾರ್ಸನ್ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಕೊಟ್ಟರು. ಈ ಕಾರು ಅದೇ ಸಾಲಿನ, ನಾಲ್ಕು ಚಕ್ರ ಚಾಲನೆಯ ಎಂ135ಐಗಿಂತ ಸುಮಾರು 80 ಕೆಜಿ ಹಗುರ. ತಿರುವಿನಿಂದ ಹೊರಬರುವಾಗ ಅದು ಮೂತಿಯನ್ನು ಒಳಕ್ಕೆ ಎಳೆದುಕೊಳ್ಳುವ ರೀತಿ ಯಾವ ಉತ್ಸಾಹಿಗೂ ಹಿಡಿಸುವಂಥದ್ದು.

ಗ್ಯಾರೇಜಿನ ಲೆಕ್ಕವನ್ನು ಉತ್ಸಾಹಿಗಳು ಎತ್ತುವುದೇ ಇಲ್ಲ. ರಿಯರ್ ವೀಲ್ ಡ್ರೈವ್‌ನಲ್ಲಿ ಪ್ರೊಪೆಲರ್ ಶಾಫ್ಟಿನ ರಬ್ಬರ್ ಕಪ್ಲಿಂಗ್ ಬಿರುಕು ಬಿಟ್ಟರೆ ಗೇರ್ ಹಾಕುವಾಗಲೂ ಆಕ್ಸಿಲರೇಟರ್ ಬಿಟ್ಟು ಒತ್ತುವಾಗಲೂ ಧಡ್ ಎನ್ನುತ್ತದೆ. ನಡುವಿನ ಬೇರಿಂಗ್ ಸವೆದರೆ ನಿಂತಲ್ಲಿಂದ ಹೊರಡುವಾಗ ನೆಲ ಅದುರುತ್ತದೆ. ಡಿಫರೆನ್ಷಿಯಲ್ ಬುಷ್, ಅದರ ಸೀಲು, ಅದರ ಆಯಿಲ್ ಇವೆಲ್ಲ ಮೇಲುಖರ್ಚು. ಫ್ರಂಟ್ ವೀಲ್ ಡ್ರೈವ್‌ನಲ್ಲಿ ಈ ಪಟ್ಟಿಯೇ ಇರುವುದಿಲ್ಲ. ಡ್ರೈವ್ ಶಾಫ್ಟಿನ ಕೀಲಿಗೆ ಹೊದಿಸಿದ ರಬ್ಬರ್ ಬೂಟ್ ಹರಿದಿದೆಯೇ ಎಂದು ಪ್ರತಿ ಸರ್ವೀಸಿನಲ್ಲಿ ನೋಡಿಕೊಂಡರೆ ಬಹುಪಾಲು ಕೆಲಸ ಮುಗಿಯಿತು.

2010ರ ಸುಮಾರಿಗೆ ಕಂಪನಿಯ ಅಂದಿನ ಮುಖ್ಯಸ್ಥ ನಾರ್ಬರ್ಟ್ ರೈಥೋಫರ್ ಒಂದು ಮಾತು ಹೇಳಿದ್ದರು: 1 ಸೀರೀಸ್ ಮಾಲೀಕರಲ್ಲಿ 80 ಶೇಕಡಾ ಮಂದಿ ತಮ್ಮದು ಫ್ರಂಟ್ ವೀಲ್ ಡ್ರೈವ್ ಎಂದೇ ನಂಬಿದ್ದಾರೆ. ಆಗ ಅದು ರಿಯರ್ ವೀಲ್ ಡ್ರೈವ್ ಆಗಿತ್ತು. ಮಾಲೀಕನಿಗೇ ಗೊತ್ತಿಲ್ಲದ ಗುಣಕ್ಕಾಗಿ ಅವನ ಮಕ್ಕಳು ಮೊಣಕಾಲು ಮಡಚಿ ಕೂರಬೇಕಾದದ್ದು ನನಗೆ ಅನ್ಯಾಯವೆಂದೇ ಕಾಣುತ್ತದೆ.

ವಿರೋಧ: ಎಳೆಯುವ ಚಕ್ರ ಬೇರೆ, ತಿರುಗಿಸುವ ಚಕ್ರ ಬೇರೆ ಇರಲಿ

ಆ 80 ಶೇಕಡಾದ ಮಾತಿನಿಂದಲೇ ಶುರು ಮಾಡುತ್ತೇನೆ. ಯಾವ ಚಕ್ರ ಕಾರನ್ನು ನೂಕುತ್ತಿದೆ ಎಂದು ಹೇಳಲಾಗದವನಿಗೂ ಸ್ಟೀರಿಂಗ್ ಕೈಯಲ್ಲಿ ಶುದ್ಧವಾಗಿ ಉಳಿದಿರುವುದು ಅನುಭವಕ್ಕೆ ಬರುತ್ತದೆ. ಹೆಸರು ಗೊತ್ತಿಲ್ಲದ ಮಾತ್ರಕ್ಕೆ ಗುಣ ತಲುಪಿಲ್ಲ ಎಂದಾಗದು.

ಟೈರಿಗೆ ಹಿಡಿತ ಇರುವುದು ಒಂದೇ ಗಂಟು. ಒಂದು ಟೈರು ಒಟ್ಟು 500 ಕೆಜಿ ಬಲದಷ್ಟು ರಸ್ತೆಯನ್ನು ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಎಳೆಯಲು 300 ಹೋದರೆ ತಿರುಗಿಸಲು 400 ಉಳಿಯುತ್ತದೆ. ಎಳೆಯಲು 400 ಹೋದರೆ ಉಳಿಯುವುದು 300. ಪೈಥಾಗೊರಸ್ ಪ್ರಮೇಯದ ಲೆಕ್ಕ ಇದು. ಮುಂದಿನ ಟೈರಿಗೆ ಎರಡೂ ಕೆಲಸ ಹೊರಿಸಿದಾಗ, ತಿರುವಿನ ನಡುವೆ ಆಕ್ಸಿಲರೇಟರ್ ಒತ್ತಿದಷ್ಟೂ ಕಾರು ಹೊರಗೆ ಅಗಲಿಸಿಕೊಂಡು ಹೋಗುತ್ತದೆ. ಟಾರ್ಸನ್ ಎಡ-ಬಲ ಚಕ್ರಗಳ ನಡುವೆ ಬಲ ಹಂಚುತ್ತದೆ, ಸಂದೇಶ ಬೇಗ ತಲುಪಿದರೆ ಎಂಜಿನ್ ಬೇಗ ತಗ್ಗುತ್ತದೆ. ಗಂಟು ಮಾತ್ರ ಎರಡರಿಂದಲೂ ದೊಡ್ಡದಾಗುವುದಿಲ್ಲ. ಅದರಲ್ಲೂ ಟಾರ್ಸನ್ ಕೊಟ್ಟದ್ದು 128ಟಿಐ, ಎಂ135ಐಯಂಥ ದುಬಾರಿ ಮಾದರಿಗಳಿಗೆ. ಇಲ್ಲಿ ಮಾರುವ ಎಕ್ಸ್1 ಎಸ್‌ಡ್ರೈವ್‌ನಲ್ಲಿ ಅದು ಇಲ್ಲ.

ಈಗ ಘಾಟಿ ಹತ್ತೋಣ. ಫ್ರಂಟ್ ವೀಲ್ ಡ್ರೈವ್ ಕಾರಿನಲ್ಲಿ ಚಾಲಕನೊಬ್ಬನೇ ಇದ್ದಾಗ ಭಾರದ ನೂರು ಪಾಲಿನಲ್ಲಿ ಸುಮಾರು 60 ಮುಂದೆ, 40 ಹಿಂದೆ. ರಿಯರ್ ವೀಲ್ ಡ್ರೈವ್ ಬಿಎಂಡಬ್ಲ್ಯುನಲ್ಲಿ ಹೆಚ್ಚುಕಡಿಮೆ 50-50. ಗುರುತ್ವ ಕೇಂದ್ರ ನೆಲದಿಂದ 55 ಸೆಂಟಿಮೀಟರ್, ವೀಲ್‌ಬೇಸ್ (ಮುಂದಿನ-ಹಿಂದಿನ ಚಕ್ರಗಳ ನಡುವಿನ ಅಂತರ) 2.67 ಮೀಟರ್ ಎಂದಿಟ್ಟುಕೊಂಡರೆ, ಹತ್ತಕ್ಕೊಂದರ ಏರಿನಲ್ಲಿ 2 ಪಾಲು ಭಾರ ಹಿಂದಕ್ಕೆ ಸರಿಯುತ್ತದೆ. ಗುರುತ್ವದ ಹತ್ತರಲ್ಲಿ ಮೂರರಷ್ಟು ವೇಗವರ್ಧನೆ ಕೊಟ್ಟರೆ ಇನ್ನೂ 6 ಪಾಲು. ಅಂದರೆ ಎಳೆಯುವ ಮುಂದಿನ ಚಕ್ರದ ಮೇಲೆ 60 ಇದ್ದದ್ದು 52ಕ್ಕೆ ಇಳಿಯಿತು, ರಿಯರ್ ವೀಲ್ ಡ್ರೈವ್‌ನಲ್ಲಿ ನೂಕುವ ಹಿಂದಿನ ಚಕ್ರದ ಮೇಲೆ 50 ಇದ್ದದ್ದು 58ಕ್ಕೆ ಏರಿತು. ಎದುರಿನ ವಾದ ಹೊಗಳುವ ಐದು ಜನ, ತುಂಬಿದ ಡಿಕ್ಕಿ ಸೇರಿದರೆ ಅಂತರ ಇನ್ನೂ ಹಿಗ್ಗುತ್ತದೆ, ಏಕೆಂದರೆ ಆ ಭಾರದ ದೊಡ್ಡ ಪಾಲು ಬೀಳುವುದು ಹಿಂದಿನ ಆಕ್ಸಲ್ ಮೇಲೆ. ಹೆಚ್ಚು ಜಾಗ ಕೊಟ್ಟ ವಿನ್ಯಾಸ ಆ ಜಾಗ ತುಂಬಿದಾಗಲೇ ಸೋಲುತ್ತದೆ.

ಇದು ಕಣ್ಣಿಗೆ ಕಾಣುವುದು ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ, ಮಳೆಗಾಲದ ಹೇರ್‌ಪಿನ್ ತಿರುವಿನಲ್ಲಿ ಮುಂದಿನ ಬಸ್ಸು ನಿಂತು, ಹಿಂದೆ ನೀವೂ ನಿಂತು ಮತ್ತೆ ಹೊರಡಬೇಕಾದಾಗ. ಸ್ಟೀರಿಂಗ್ ಪೂರ್ತಿ ತಿರುಗಿದೆ, ತಿರುವಿನ ಒಳಬದಿಯೇ ಹೆಚ್ಚು ಕಡಿದು, ಒಳಗಿನ ಮುಂದಿನ ಚಕ್ರದ ಮೇಲೆ ಭಾರ ಕಡಿಮೆ. ಆ ಚಕ್ರ ಸುತ್ತುತ್ತದೆ, ಎಲೆಕ್ಟ್ರಾನಿಕ್ಸ್ ಅದಕ್ಕೆ ಬ್ರೇಕ್ ಹಾಕಿ ಎಂಜಿನ್ ತಗ್ಗಿಸುತ್ತದೆ, ಕಾರು ಒಂದು ಕ್ಷಣ ಉಸಿರುಗಟ್ಟಿ ನಿಲ್ಲುತ್ತದೆ. ಗಾಬರಿಯಾಗಿ ಇನ್ನಷ್ಟು ಒತ್ತಬೇಡಿ. ಸ್ಟೀರಿಂಗನ್ನು ಕಾಲು ಸುತ್ತು ಬಿಚ್ಚಿ, ಆಕ್ಸಿಲರೇಟರನ್ನು ಅಳ್ಳಕವಾಗಿ ಹಿಡಿದರೆ ಹತ್ತುತ್ತದೆ.

ಜಾಗದ ಲಾಭವನ್ನೂ ಹಿಗ್ಗಿಸಿ ಹೇಳಲಾಗಿದೆ. ಎಕ್ಸ್1ರ ಲಾಭದಲ್ಲಿ ಎಂಜಿನ್ ತಿರುಗಿಸಿದ್ದರ ಜೊತೆಗೆ ಕಾರನ್ನು 53 ಮಿಲಿಮೀಟರ್ ಎತ್ತರ ಮಾಡಿದ್ದರ ಪಾಲೂ ಇದೆ. 1 ಸೀರೀಸ್‌ನಲ್ಲಿ ಅಷ್ಟು ಎತ್ತರ ಏರಿಸಲಿಲ್ಲ. ಸಿಕ್ಕಿದ್ದು ಮೊಣಕಾಲಿಗೆ 33 ಮಿಲಿಮೀಟರ್, ಡಿಕ್ಕಿಗೆ 20 ಲೀಟರ್, ಅಷ್ಟೇ. ಅದೇ ತಳಪಾಯದಲ್ಲಿ ನಾಲ್ಕು ಚಕ್ರ ಚಾಲನೆಯೂ ಬರಬೇಕಾದ್ದರಿಂದ ನಡುವಿನ ಉಬ್ಬು ಹಾಗೇ ಉಳಿದಿದೆ. ಪ್ರೊಪೆಲರ್ ಶಾಫ್ಟ್ ಇಲ್ಲದ ಕಾರಿನಲ್ಲೂ ಮಧ್ಯದ ಸೀಟಿನವರು ಆ ಉಬ್ಬಿನ ಎರಡೂ ಬದಿಗೆ ಕಾಲಿಟ್ಟೇ ಕೂರಬೇಕು. ಈ ಇಷ್ಟಕ್ಕಾಗಿ ಕಳೆದುಕೊಂಡದ್ದು 3 ಲೀಟರಿನ ಸಾಲು-ಆರು ಸಿಲಿಂಡರ್ ಎಂಜಿನ್. ಹಳೆಯ ಎಂ135ಐಯಲ್ಲಿ 320 ಅಶ್ವಶಕ್ತಿಯ ಆ ಎಂಜಿನ್ ಇತ್ತು. ಈ ಬಾನೆಟ್ಟಿನಲ್ಲಿ ಅಡ್ಡಕ್ಕೆ ಅದು ಹಿಡಿಸದು, ಹಾಗಾಗಿ ಹೊಸದಕ್ಕೆ 2 ಲೀಟರ್, ನಾಲ್ಕು ಸಿಲಿಂಡರ್, 306 ಅಶ್ವಶಕ್ತಿ. ಆ ಗಾತ್ರದ ಹ್ಯಾಚ್‌ಬ್ಯಾಕ್‌ಗಳಲ್ಲಿ ರಿಯರ್ ವೀಲ್ ಡ್ರೈವ್ ಜೊತೆ ಆರು ಸಿಲಿಂಡರ್ ಕೊಡುತ್ತಿದ್ದುದು ಇದೊಂದೇ. ಔಡಿ ಎ3, ಮರ್ಸಿಡಿಸ್ ಎ-ಕ್ಲಾಸ್ ಬಿಟ್ಟು ಇದನ್ನೇ ಕೊಳ್ಳಲು ಇದ್ದ ದೊಡ್ಡ ಕಾರಣ ಅಲ್ಲಿಗೆ ಹೋಯಿತು.

ನನಗೆ ನಿಜಕ್ಕೂ ಸಿಟ್ಟು ತರಿಸುವುದು ಡಿಕ್ಕಿ ಬಾಗಿಲ ಮೇಲಿನ ಬರಹ. ಮೊದಲ ತಲೆಮಾರಿನ ಎಕ್ಸ್1ರಲ್ಲಿ "ಎಸ್‌ಡ್ರೈವ್" ಎಂದರೆ ರಿಯರ್ ವೀಲ್ ಡ್ರೈವ್. ಎರಡನೆಯದರಿಂದ ಅದೇ ಅಕ್ಷರಗಳಿಗೆ ಫ್ರಂಟ್ ವೀಲ್ ಡ್ರೈವ್ ಎಂದರ್ಥ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬರಹ ನಂಬದೆ ಕೆಳಗೆ ಬಗ್ಗಿ, ಹಿಂದಿನ ಚಕ್ರಗಳ ನಡುವೆ ಡಿಫರೆನ್ಷಿಯಲ್ ಇದೆಯೇ ನೋಡಬೇಕು. ಇಲ್ಲದಿದ್ದರೆ ಅದು ಫ್ರಂಟ್ ವೀಲ್ ಡ್ರೈವ್. ಆಗ ಖಾಲಿ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಎರಡೂ ಕಡೆಗೆ ಸುತ್ತು ಹಾಕಿ. ಟಕ್‌ಟಕ್ ಸದ್ದು ಬಂದರೆ ಚಕ್ರದ ಬಳಿ ಡ್ರೈವ್ ಶಾಫ್ಟಿಗಿರುವ ಕೀಲು, ಅಂದರೆ ಹೊರಗಿನ ಸಿವಿ ಜಾಯಿಂಟ್ ಸವೆದಿದೆ. ರಿಮ್ಮಿನ ಒಳಬದಿಗೆ ಗ್ರೀಸ್ ಸಿಡಿದಿದ್ದರೆ ಬೂಟ್ ಹರಿದು ಮಣ್ಣು ಸೇರಿದೆ. ಬೂಟ್ ನೋಡಿಕೊಂಡರೆ ಸಾಕು ಎಂಬುದು ಪೂರ್ತಿ ಸರಿಯಲ್ಲ. ಎಳೆತ, ತಿರುವು, ಬ್ರೇಕಿನ ಬಹುಪಾಲು ಎಲ್ಲವೂ ಮುಂದಿನ ಎರಡು ಟೈರುಗಳ ಮೇಲೆ ಬೀಳುವುದರಿಂದ 8-10 ಸಾವಿರ ಕಿಲೋಮೀಟರಿಗೊಮ್ಮೆ ಹಿಂದು-ಮುಂದು ಬದಲಿಸದಿದ್ದರೆ ಮುಂದಿನವು ಬಹಳ ಬೇಗ ಬೋಳಾಗುತ್ತವೆ. ಗಾಳಿ ಹೋದರೂ ಸ್ವಲ್ಪ ದೂರ ಓಡಬಲ್ಲ ರನ್‌ಫ್ಲ್ಯಾಟ್ ಟೈರಾದರೆ ಆ ಜೋಡಿಯ ಬೆಲೆ ಸಣ್ಣದಲ್ಲ.

ವಿದ್ಯುತ್ ಕಾರುಗಳು ಬಂದ ಮೇಲೆ ಜಾಗದ ವಾದಕ್ಕೆ ಆಧಾರವೂ ಉಳಿದಿಲ್ಲ. ಮೋಟರ್ ಸಣ್ಣದು, ಹಿಂದಿನ ಆಕ್ಸಲ್ ಜೊತೆಗೇ ಕೂರುತ್ತದೆ, ಶಾಫ್ಟ್ ಬೇಕಿಲ್ಲ. ಬಿಎಂಡಬ್ಲ್ಯು ತಾನೇ 2013ರಲ್ಲಿ ನಾಲ್ಕು ಮೀಟರ್ ಉದ್ದದ ಐ3 ಮಾಡಿ ಹಿಂದಿನ ಚಕ್ರಕ್ಕೆ ಮೋಟರ್ ಕೊಟ್ಟಿತ್ತು, ಒಳಗೆ ನೆಲವೂ ಸಪಾಟಾಗಿತ್ತು. ಹಾಗಿದ್ದೂ ಎಕ್ಸ್1ರ ವಿದ್ಯುತ್ ರೂಪವಾದ ಐಎಕ್ಸ್1 ಇಡ್ರೈವ್20ರ ಒಂದೇ ಮೋಟರ್ ಮುಂದೆ ಕೂತಿದೆ. ಪೆಟ್ರೋಲ್ ಎಕ್ಸ್1ರ ತಳಪಾಯವನ್ನೇ ಬಳಸಿದ್ದು ಅದಕ್ಕೆ ಕಾರಣ. ಮುಂದಿನ ತಲೆಮಾರಿನಲ್ಲಿ ಆ ಮೋಟರ್ ಹಿಂದಿನ ಆಕ್ಸಲ್‌ಗೆ ಹೋಗಬೇಕು. ಅಲ್ಲಿಯವರೆಗೆ, ಸಣ್ಣ ಬಿಎಂಡಬ್ಲ್ಯು ಬೇಕು, ಹಿಂದಿನ ಚಕ್ರವೂ ಬೇಕು ಎನ್ನುವವರಿಗೆ ಉಳಿದಿರುವುದು 2 ಸೀರೀಸ್ ಕೂಪೆ ಮತ್ತು ಅದರ ಹೆಚ್ಚು ಶಕ್ತಿಯ ರೂಪವಾದ ಎಂ2. ಎರಡಕ್ಕೂ ಬಾಗಿಲು ಎರಡೇ.